ಬಾವಲಿಯನ್ನು ಹೊರಗೆ ಬಿಡುವ ಮೊದಲು: ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಕೆಲವು ಕಿವಿಮಾತು

ಆಗಸ್ಟ್ ತಿಂಗಳ ಒಂದು ರಾತ್ರಿ. ಮಿಶಿಗನ್ನಿನ ನಮ್ಮ ಹಳೆಯ ಮರದ ಮನೆ. ನಾಲ್ಕು ವರ್ಷದ ಮೊಮ್ಮಗ ನನ್ನ ಪಕ್ಕದಲ್ಲಿ ಮಲಗಿದ್ದ. ಎರಡು ಗಂಟೆಯ ಹೊತ್ತಿಗೆ ಏನೋ ಸರಸರ ಸದ್ದಾಗಿ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಕಿಟಕಿಯ ಪರದೆಯ ಮೇಲಂಚಿನಲ್ಲಿ ಹುಣಸೆಹಣ್ಣಿನ ಉಂಡೆಯಷ್ಟು ಗಾತ್ರದ ಕಂದು ಬಾವಲಿ, ತಲೆಕೆಳಗಾಗಿ ನೇತಾಡುತ್ತಿತ್ತು. ನಮ್ಮ ಯಜಮಾನರು ಬಂದರು. ಕೈಗೆ ಟವೆಲ್ ಸುತ್ತಿಕೊಂಡು ಹಿಡಿದರು, ಹಿಂಬಾಗಿಲು ತೆಗೆದು ಕತ್ತಲಿಗೆ ಬಿಟ್ಟರು. "ಪಾಪ, ದಾರಿ ತಪ್ಪಿ ಬಂದಿತ್ತು" ಅಂದರು. ನಾವೂ ಒಂದು ಜೀವ ಉಳಿಸಿದೆವು ಎಂದುಕೊಂಡು ಮಲಗಿದೆವು.

ಬೆಳಿಗ್ಗೆ ಪಕ್ಕದ ಮನೆಯಾಕೆಗೆ ವಿಷಯ ಹೇಳಿದೆ. ಆಕೆ ನಿವೃತ್ತ ನರ್ಸ್. ನನ್ನ ಮಾತು ಮುಗಿಯುವ ಮೊದಲೇ ಕೇಳಿದರು: "ಆ ಬಾವಲಿ ಈಗ ಎಲ್ಲಿದೆ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಉತ್ತರ ಇರದೇ ಹೋದದ್ದಕ್ಕೆ ನನಗೆ, ನಮ್ಮ ಯಜಮಾನರಿಗೆ, ಆ ಪುಟ್ಟ ಮಗುವಿಗೆ, ಮೂವರಿಗೂ ರೇಬೀಸ್ ಇಂಜೆಕ್ಷನ್ ಪೂರ್ತಿ ಕೊಡಿಸಬೇಕಾಯಿತು. ಮೂವರೂ ಚೆನ್ನಾಗಿದ್ದೇವೆ. ಆದರೆ ಆ ಎರಡು ವಾರ ನಮ್ಮ ಸೊಸೆ ಮಗುವಿನ ಮೈಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದುದನ್ನು ನಾನು ಮರೆತಿಲ್ಲ. ಈಗ ನಮ್ಮವರ ಮನೆಗಳು ಊರೂರಲ್ಲೂ ಆಗಿವೆ. ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಫೋನ್ ಮಾಡಿ "ಆಂಟಿ, ಮನೆಯೊಳಗೆ ಬಾವಲಿ ಬಂದಿದೆ, ಏನು ಮಾಡೋದು?" ಎಂದು ಕೇಳುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಇಷ್ಟು ತಿಳಿದಿರಲಿ

• ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾವು ಬೆಳೆದ ಕಡೆ ರೇಬೀಸ್ ಎಂದರೆ ಹುಚ್ಚುನಾಯಿ. ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ಇಲ್ಲವಾಗಿದೆ ಎಂದು 2007ರಲ್ಲೇ ಘೋಷಿಸಿದರು. ಇಲ್ಲಿ ಅದು ಕಾಡುಪ್ರಾಣಿಗಳಲ್ಲಿ ಉಳಿದಿದೆ: ರಕೂನ್, ಸ್ಕಂಕ್, ನರಿ, ಬಾವಲಿ. ಈ ದೇಶದೊಳಗೆ ಸೋಂಕು ತಗುಲಿ ರೇಬೀಸ್‌ನಿಂದ ಸತ್ತವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ಅದು ಬಂದದ್ದು ಬಾವಲಿಯಿಂದ.

• ಹಾಗೆಂದು ಬಾವಲಿ ಕಂಡರೆ ಸಾವೇ ಬಂತೆಂದು ನಡುಗಬೇಡಿ. ಕಾಡಿನಲ್ಲಿ ಹಾರಾಡುವ ಬಾವಲಿಗಳಲ್ಲಿ ರೇಬೀಸ್ ಇರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಈ ರೋಗದಿಂದ ಸಾಯುವವರು ಬೆರಳೆಣಿಕೆಯಷ್ಟು. ಸಂಖ್ಯೆ ಇಷ್ಟು ಕಡಿಮೆ ಇರುವುದಕ್ಕೆ ಒಂದು ಕಾರಣ, ಬಾವಲಿಯೋ ಬೇರೆ ಪ್ರಾಣಿಯೋ ತಾಗಿದ ಸಾವಿರಾರು ಜನ ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿಕೊಳ್ಳುತ್ತಾರೆ.

• ಬಾವಲಿಯ ಹಲ್ಲು ಸೂಜಿಯಷ್ಟು ಸಣ್ಣದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಂದು ಬಾವಲಿಯ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಅದು ಕಚ್ಚಿದರೆ ನಾಯಿ ಕಚ್ಚಿದ ಹಾಗೆ ಮಾಂಸ ಕಿತ್ತುಬರುವುದಿಲ್ಲ. ಗುಂಡುಸೂಜಿ ಚುಚ್ಚಿದಷ್ಟು ಗುರುತು ಬಿದ್ದರೆ ಹೆಚ್ಚು, ಅದೂ ಬೇಗ ಮಾಯವಾಗುತ್ತದೆ. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗದಿರಬಹುದು. "ಗಾಯ ಕಾಣ್ತಿಲ್ಲ, ಹಾಗಾಗಿ ಕಚ್ಚಿಲ್ಲ" ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

• ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರ ಕೈಯಲ್ಲಿ ಏನೂ ಉಳಿಯುವುದಿಲ್ಲ. 2004ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಬಾವಲಿ ಕಚ್ಚಿದ 15 ವರ್ಷದ ಹುಡುಗಿಯೊಬ್ಬಳು ಲಸಿಕೆಯಿಲ್ಲದೆ ಬದುಕಿದ್ದು ಜಗತ್ತೇ ಮಾತಾಡಿದ ಸುದ್ದಿಯಾಯಿತು, ಅಷ್ಟು ಅಪರೂಪ ಅದು. ಲಕ್ಷಣ ಬರುವ ಮೊದಲೇ ಚಿಕಿತ್ಸೆ ಸರಿಯಾಗಿ ಸಿಕ್ಕರೆ ಮಾತ್ರ ಮನುಷ್ಯ ಉಳಿಯುತ್ತಾನೆ.

ಬಾವಲಿ ಕಂಡ ಕೂಡಲೇ

• ಮೊದಲು ಮಕ್ಕಳನ್ನೂ ನಾಯಿ ಬೆಕ್ಕನ್ನೂ ಆ ಕೋಣೆಯಿಂದ ಹೊರಗೆ ಕರೆತನ್ನಿ. ಬಾಗಿಲು ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ಒಂದು ಬಟ್ಟೆ ತುರುಕಿ. ಬಾವಲಿ ಬೇರೆ ಕೋಣೆಗೆ ಹೋಗಿ ಅವಿತುಕೊಂಡರೆ ಹುಡುಕುವುದು ಬಹಳ ಕಷ್ಟ.

• ಆಮೇಲೆ ಮನೆಮಂದಿಯೆಲ್ಲ ಒಂದು ಕಡೆ ಕೂತು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ. ಇದು ಯಾವಾಗಿನಿಂದ ಇಲ್ಲಿತ್ತು? ಈ ಕೋಣೆಯಲ್ಲಿ ಯಾರಾದರೂ ಮಲಗಿದ್ದರಾ? ಚಿಕ್ಕ ಮಗು ಒಂಟಿಯಾಗಿತ್ತಾ? ಮರೆವಿನ ಕಾಯಿಲೆಯ ಹಿರಿಯರು, ನಿದ್ದೆಮಾತ್ರೆ ತೆಗೆದುಕೊಂಡವರು, ಕುಡಿದು ಮಲಗಿದವರು ಇದ್ದರಾ? ಯಾರಾದರೂ ಬರಿಗೈಯಲ್ಲಿ ಮುಟ್ಟಿದರಾ?

• ಇವುಗಳಲ್ಲಿ ಒಂದಕ್ಕಾದರೂ "ಹೌದು" ಅಥವಾ "ಗೊತ್ತಿಲ್ಲ" ಎಂದಾದರೆ ಬಾವಲಿಯನ್ನು ಬಿಡಬೇಡಿ. ಅದು ಮನೆಯಲ್ಲೇ ಇರಲಿ, ಸುರಕ್ಷಿತವಾಗಿ ಹಿಡಿಸಿ. ನಾವು ಆ ರಾತ್ರಿ ಮಾಡಿದ ತಪ್ಪು ಇದೇ.

• ಎಲ್ಲರೂ ಎಚ್ಚರವಾಗಿದ್ದಾಗಲೇ ತೆರೆದ ಬಾಗಿಲಿನಿಂದ ಒಳಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೀರಿ, ಯಾರ ಮೈಗೂ ತಾಗಿಲ್ಲ ಎಂಬುದು ಖಚಿತ ಎಂದಾದರೆ ಮಾತ್ರ ಬಿಡಬಹುದು. ಒಳಬಾಗಿಲು ಮುಚ್ಚಿ, ಕಿಟಕಿಯ ಜಾಲರಿ ತೆಗೆದು ಪೂರ್ತಿ ತೆರೆಯಿರಿ, ಕೋಣೆಯ ದೀಪ ಆರಿಸಿ, ಹೊರಗೆ ಬಂದುಬಿಡಿ. ಅದರಷ್ಟಕ್ಕೆ ಅದು ಹೊರಟುಹೋಗುತ್ತದೆ.

• ಪೊರಕೆ, ಟೆನಿಸ್ ಬ್ಯಾಟು ತೆಗೆದುಕೊಂಡು ಹೊಡೆಯಬೇಡಿ. ರೇಬೀಸ್ ಪರೀಕ್ಷೆ ಮಾಡುವುದು ಬಾವಲಿಯ ಮೆದುಳಿನಲ್ಲಿ. ತಲೆ ಜಜ್ಜಿಹೋದರೆ ಪರೀಕ್ಷೆ ಆಗುವುದಿಲ್ಲ.

ಹಿಡಿಯುವ ರೀತಿ

• ನಿಮ್ಮ ಊರಿನ ಅನಿಮಲ್ ಕಂಟ್ರೋಲ್‌ನವರು ಬರುತ್ತಾರಾದರೆ ಅವರಿಗೇ ಬಿಡಿ. ರಾತ್ರಿ ಯಾರೂ ಸಿಗದಿದ್ದರೆ, ಧೈರ್ಯ ಇರುವ ದೊಡ್ಡವರೊಬ್ಬರು ಈ ಕೆಲಸ ಮಾಡಬಹುದು.

• ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಬಟ್ಟೆಯ ಗ್ಲೌಸ್, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಟವೆಲ್ ಯಾವುದೂ ಸಾಲದು.

• ಬಾವಲಿ ಗೋಡೆಗೋ ಪರದೆಗೋ ಅಂಟಿಕೊಂಡು ಕೂರುವವರೆಗೆ ಕಾಯಿರಿ. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬವನ್ನು ನಿಧಾನವಾಗಿ ಅದರ ಮೇಲೆ ಮುಚ್ಚಿ. ಡಬ್ಬಕ್ಕೂ ಗೋಡೆಗೂ ನಡುವೆ ರಟ್ಟಿನ ತುಂಡೊಂದನ್ನು ತೂರಿಸಿ. ರಟ್ಟಿನ ಸಮೇತ ಡಬ್ಬ ತೆಗೆದು ಸುತ್ತ ಟೇಪ್ ಹಾಕಿ. ರಟ್ಟಿಗೆ ಗಾಳಿಯಾಡಲು ಸಣ್ಣ ತೂತುಗಳನ್ನು ಮೊದಲೇ ಮಾಡಿಟ್ಟುಕೊಂಡಿರಿ.

• ಮೊದಲ ಘಟನೆಯಾದ ಐದು ವರ್ಷಕ್ಕೆ ನಮ್ಮ ಮನೆಗೆ ಇನ್ನೊಂದು ಬಾವಲಿ ಬಂತು, ಈ ಸಲ ಮಗಳು ಮಲಗುವ ಕೋಣೆಗೆ. ಆಗ ಉಪ್ಪಿನಕಾಯಿಗೆ ಮಾವಿನಕಾಯಿ ನೆನೆಹಾಕುವ ದೊಡ್ಡ ಡಬ್ಬವೇ ಕೈಗೆ ಸಿಕ್ಕಿತು. ಡಬ್ಬದೊಳಗೆ ಅದು ರೆಕ್ಕೆ ಮಡಿಚಿ ಮೂಲೆಗೆ ಒತ್ತಿಕೊಂಡಿತ್ತು, ಸಣ್ಣ ಕಿವಿ ಎರಡೂ ನಡುಗುತ್ತಿದ್ದವು, ಬಾಯಿ ತೆರೆದಾಗ ಅಕ್ಕಿಯ ನುಚ್ಚಿನಂಥ ಹಲ್ಲು ಕಂಡವು. ಬೆಳಿಗ್ಗೆ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಒಯ್ದು ಕೊಟ್ಟೆವು. ಮಾರನೆಯ ದಿನ ಫೋನ್ ಬಂತು: ರೇಬೀಸ್ ಇಲ್ಲ. ಮಗಳಿಗೆ ಒಂದು ಇಂಜೆಕ್ಷನ್ನೂ ಬೇಕಾಗಲಿಲ್ಲ. ಡಬ್ಬವನ್ನು ಮತ್ತೆ ಅಡುಗೆಮನೆಗೆ ತರಲಿಲ್ಲ, ಎಸೆದೆವು. ನೀವೂ ಹಾಗೇ ಮಾಡಿ.

• ಬಾವಲಿ ಸತ್ತಿದ್ದರೂ ಕಸಕ್ಕೆ ಹಾಕಬೇಡಿ. ಗ್ಲೌಸ್ ಹಾಕಿಕೊಂಡು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬದಲ್ಲಿಟ್ಟು, ಸುತ್ತ ಐಸ್ ಪ್ಯಾಕ್ ಇಡಿ. ಫ್ರೀಜರ್‌ನಲ್ಲಿ ಇಡಬೇಡಿ. ಊಟದ ಪದಾರ್ಥ ಇರುವ ಫ್ರಿಜ್ಜಿನಲ್ಲಂತೂ ಇಡಲೇಬೇಡಿ.

ಕಚ್ಚಿದ್ದರೆ, ಕಚ್ಚಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ

• ಕಚ್ಚಿದ, ಪರಚಿದ ಜಾಗವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ವೈರಸ್‌ನ ಮೇಲ್ಪೊರೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ನಲ್ಲಿಯ ಕೆಳಗೆ ಆ 15 ನಿಮಿಷ ಬಹಳ ದೊಡ್ಡದು ಅನಿಸುತ್ತದೆ, ಮಧ್ಯದಲ್ಲಿ ನಿಲ್ಲಿಸಬೇಡಿ.

• ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ನಾಯಿ ಕಚ್ಚಿದರೆ ಇವನ್ನು ಹಚ್ಚುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಉರಿ ಹೆಚ್ಚುತ್ತದೆ, ಗಾಯ ಕೆಡುತ್ತದೆ, ವೈರಸ್ ಸಾಯುವುದಿಲ್ಲ.

• ಬಾವಲಿಯ ಜೊಲ್ಲು ಕಣ್ಣಿಗೆ, ಮೂಗಿಗೆ, ಬಾಯಿಗೆ ಅಥವಾ ಹಸಿ ಗಾಯಕ್ಕೆ ಬಿದ್ದರೆ ಅದನ್ನೂ ಕಚ್ಚಿದ್ದಕ್ಕೆ ಸಮ ಎಂದೇ ತಿಳಿಯಿರಿ. ಕಣ್ಣು ಬಾಯಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರರ ಬಳಿ ಹೋಗಿ.

• ಬಾವಲಿಯ ಹಿಕ್ಕೆ ಕಂಡರೆ, ಅಟ್ಟದಲ್ಲಿ ಸದ್ದು ಕೇಳಿದರೆ, ಸಂಜೆ ಅಂಗಳದಲ್ಲಿ ತಲೆಯ ಮೇಲೆ ಹಾರಿಹೋದರೆ ರೇಬೀಸ್ ಬರುವುದಿಲ್ಲ. ಅದಕ್ಕೆ ಇಂಜೆಕ್ಷನ್ ಬೇಕಿಲ್ಲ.

• ಮಲಗಿದ್ದ ಕೋಣೆಯಲ್ಲಿ ಬಾವಲಿ ಸಿಕ್ಕಿದ್ದರೆ ಅದೇ ದಿನ ನಿಮ್ಮ ಕೌಂಟಿಯ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ, ನಡೆದದ್ದನ್ನು ಹಾಗೇ ಹೇಳಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯಬಹುದೋ, ಈಗಲೇ ಲಸಿಕೆ ಶುರು ಮಾಡಬೇಕೋ ಎಂಬುದನ್ನು ಅವರು ಹೇಳಲಿ. ಕಚ್ಚಿದ್ದು ಕಂಡಿದ್ದರೆ, ಅದರಲ್ಲೂ ಮುಖ, ಕುತ್ತಿಗೆ, ತಲೆಗೆ ತಾಗಿದ್ದರೆ ಫೋನಿಗಾಗಿ ಕಾಯದೆ ನೇರವಾಗಿ ಎಮರ್ಜೆನ್ಸಿಗೆ ಹೋಗಿ.

• 2021ರಲ್ಲಿ ಇಲಿನಾಯ್‌ನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ನಿದ್ದೆಯಿಂದೇಳುವಾಗ ಕುತ್ತಿಗೆಯ ಮೇಲೆ ಬಾವಲಿ ಇತ್ತು. ಅದನ್ನು ಹಿಡಿದು ಪರೀಕ್ಷೆ ಮಾಡಿಸಿದರು, ರೇಬೀಸ್ ಇದೆ ಎಂದು ಬಂತು. ಲಸಿಕೆ ತಗೊಳ್ಳಿ ಎಂದರೆ ಅವರು ಬೇಡವೆಂದರು. ಒಂದು ತಿಂಗಳಿಗೆ ಕುತ್ತಿಗೆ ನೋವು ಶುರುವಾಯಿತು, ಆಮೇಲೆ ಅವರು ಉಳಿಯಲಿಲ್ಲ. ಆ ರಾಜ್ಯದಲ್ಲಿ 1954ರ ನಂತರ ಮನುಷ್ಯರಲ್ಲಿ ಕಂಡ ಮೊದಲ ರೇಬೀಸ್ ಅದು.

• 2024ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಒಂದು ಮಗು ಮಲಗಿದ್ದ ಕೋಣೆಯಲ್ಲಿ ಬಾವಲಿ ಕಾಣಿಸಿತು. ಅಪ್ಪ ಅಮ್ಮ ಮಗುವಿನ ಮೈ ನೋಡಿದರು, ಗಾಯ ಕಾಣಲಿಲ್ಲ. ಆಸ್ಪತ್ರೆಗೆ ಹೋಗುವ ಅಗತ್ಯ ಕಾಣಲಿಲ್ಲ. ಆ ಮಗು ಬದುಕಲಿಲ್ಲ. ಆ ಹೆತ್ತವರದು ಅಸಡ್ಡೆಯಲ್ಲ. ಯಾರೂ ಅವರಿಗೆ ಮೊದಲೇ ಹೇಳಿರಲಿಕ್ಕಿಲ್ಲ, ಅಷ್ಟೇ. ಅದಕ್ಕೇ ನಾನು ನಿಮಗೆ ಹೇಳುತ್ತಿದ್ದೇನೆ.

• ಹಿಂದೆಂದೋ ಆಗಿ, ಈಗ ನೆನಪಾದರೂ ಕೇಳಲು ಹಿಂಜರಿಯಬೇಡಿ. ರೋಗ ಹೊರಬೀಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಲಕ್ಷಣ ಬಾರದೆ ಇರುವವರೆಗೆ ಲಸಿಕೆಗೆ ತಡವಾಯಿತು ಎಂಬುದಿಲ್ಲ.

ಲಸಿಕೆಯ ವಿಚಾರ

• ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ನಮ್ಮ ತಲೆಮಾರಿಗೆ ಇದೆ. ನಮ್ಮ ಓಣಿಯ ಹುಡುಗನೊಬ್ಬ ತಾಲ್ಲೂಕು ಆಸ್ಪತ್ರೆಯಿಂದ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲೂ ಅದನ್ನು ನಿಲ್ಲಿಸಿ ಇಪ್ಪತ್ತು ವರ್ಷವಾಯಿತು.

• ಈಗಿನದು ತೋಳಿಗೆ ಕೊಡುವ ಸಾಮಾನ್ಯ ಇಂಜೆಕ್ಷನ್. ಅಮೆರಿಕದಲ್ಲಿ ನಾಲ್ಕು ಡೋಸ್: ಮೊದಲ ದಿನ, ಆಮೇಲೆ 3ನೇ, 7ನೇ, 14ನೇ ದಿನ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ 28ನೇ ದಿನ ಐದನೆಯದು. ಸಣ್ಣ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ. ನಮ್ಮ ಮೊಮ್ಮಗ ಮೊದಲ ದಿನ ಅತ್ತ, ನಾಲ್ಕನೆಯದಕ್ಕೆ ತಾನೇ ಚಡ್ಡಿ ಸರಿಸಿ ಕೂತ.

• ಮೊದಲ ದಿನವೇ ಇಮ್ಯೂನೊಗ್ಲಾಬ್ಯುಲಿನ್ ಎಂಬ ಇನ್ನೊಂದನ್ನೂ ಕೊಡುತ್ತಾರೆ. ಲಸಿಕೆ ನಮ್ಮ ಮೈಯಲ್ಲಿ ಕೆಲಸ ಶುರುಮಾಡಲು ಒಂದು ವಾರದ ಮೇಲೆ ಬೇಕು, ಅಲ್ಲಿಯವರೆಗೆ ಕಾವಲಿಗೆ ಇದು. ತೂಕ ನೋಡಿ ಪ್ರಮಾಣ ನಿಗದಿ ಮಾಡುತ್ತಾರೆ, ಗಾಯ ಇದ್ದರೆ ಗಾಯದ ಸುತ್ತಲೇ ಚುಚ್ಚುತ್ತಾರೆ. ಇದನ್ನು ಕೊಡದೆ ಕಳಿಸುತ್ತಿದ್ದಾರೆ ಅನಿಸಿದರೆ "ಇಮ್ಯೂನೊಗ್ಲಾಬ್ಯುಲಿನ್ ಬೇಕಲ್ಲವೇ?" ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ.

• ಊರಿನಲ್ಲಿ ನಾಯಿ ಕಚ್ಚಿ ಇಂಜೆಕ್ಷನ್ ತಗೊಂಡವರು ಅದನ್ನು ಡಾಕ್ಟರರಿಗೆ ತಪ್ಪದೆ ಹೇಳಿ. ಈಗಿನ ಲಸಿಕೆಯ ಕೋರ್ಸ್ ಪೂರ್ತಿ ಆಗಿದ್ದರೆ ಎರಡು ಡೋಸ್ ಸಾಕು, ಇಮ್ಯೂನೊಗ್ಲಾಬ್ಯುಲಿನ್ ಬೇಕಿಲ್ಲ. ಆದರೆ ಹೊಕ್ಕುಳ ಸುತ್ತ ಕೊಡುತ್ತಿದ್ದ ಹಳೆಯದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. "ನನಗೆ ಆಗಲೇ ಆಗಿದೆ" ಎಂದು ಸುಮ್ಮನಾಗಬೇಡಿ.

• ಬಸುರಿಯರು, ಬಾಣಂತಿಯರು, ಹಸುಗೂಸುಗಳು ಯಾರಿಗೂ ಈ ಲಸಿಕೆ ನಿಷಿದ್ಧವಲ್ಲ. ಬಸುರಿ ಎಂಬ ಕಾರಣಕ್ಕೆ ಮುಂದಕ್ಕೆ ಹಾಕಬೇಡಿ.

• ಒಂದು ಡೋಸ್ ತಗೊಂಡು ಕೈ ನೋವು ಎಂದು ನಿಲ್ಲಿಸಬೇಡಿ. ಬಾವಲಿಯ ಪರೀಕ್ಷೆಯಲ್ಲಿ ರೋಗ ಇಲ್ಲ ಎಂದು ಬಂದರೆ ಮಾತ್ರ, ಡಾಕ್ಟರರು ಹೇಳಿದ ಮೇಲೆ ನಿಲ್ಲಿಸಿ.

ಖರ್ಚಿನ ವಿಚಾರ

• ಈ ಚಿಕಿತ್ಸೆ ಇಲ್ಲಿ ದುಬಾರಿ. ಒಬ್ಬರಿಗೇ ಸಾವಿರಾರು ಡಾಲರ್ ಆಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಇಮ್ಯೂನೊಗ್ಲಾಬ್ಯುಲಿನ್‌ನದು. ಡಬ್ಬದಲ್ಲಿ ಹಿಡಿದಿಟ್ಟ ಒಂದು ಬಾವಲಿ ಆ ಹಣವನ್ನೆಲ್ಲ ಉಳಿಸಬಹುದು.

• ಹಣದ ಯೋಚನೆಯಲ್ಲಿ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬೇಡಿ. ಮೊದಲು ಚಿಕಿತ್ಸೆ, ಆಮೇಲೆ ಬಿಲ್ಲಿನ ಮಾತು. ಆಸ್ಪತ್ರೆಗಳಲ್ಲಿ ಹಣದ ನೆರವಿನ ಅರ್ಜಿ ಇರುತ್ತದೆ, ಲಸಿಕೆ ಕಂಪನಿಗಳೂ ಇನ್ಶೂರೆನ್ಸ್ ಇಲ್ಲದವರಿಗೆ ನೆರವು ಕೊಡುತ್ತವೆ. ಎಮರ್ಜೆನ್ಸಿಯಲ್ಲಿ ಮೊದಲ ಡೋಸ್ ಆದ ಮೇಲೆ ಉಳಿದದ್ದನ್ನು ಕಡಿಮೆ ಖರ್ಚಿನಲ್ಲಿ ಎಲ್ಲಿ ಹಾಕಿಸಬಹುದು ಎಂದು ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ ಕೇಳಿ.

• ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ಮಾಡಿಸುವ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಪ್ರಾಣಿ ಕಡಿತದ ಚಿಕಿತ್ಸೆ ಸೇರುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ.

ಊರಿಂದ ಬಂದ ಹಿರಿಯರಿಗೆ

• ಬಾವಲಿ ಒಳಗೆ ಬಂದರೆ ಅಪಶಕುನ ಎಂದು ನಾವು ಕೇಳಿ ಬೆಳೆದಿದ್ದೇವೆ. ಶಾಂತಿ ಮಾಡಿಸಬೇಕು ಅನಿಸಿದರೆ ಮಾಡಿಸಿ, ಮನಸ್ಸಿಗೆ ಸಮಾಧಾನ ಆಗಲಿ. ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ.

• ಮಗ ಸೊಸೆಗೆ ಗಾಬರಿ, ಖರ್ಚು ಯಾಕೆ ಎಂದು ವಿಷಯ ಮುಚ್ಚಿಡಬೇಡಿ. ರಾತ್ರಿ ಮೈಮೇಲೆ ಏನೋ ಬಿದ್ದ ಹಾಗಾಯಿತು ಎಂದರೂ ಹೇಳಿ.

• ಲಸಿಕೆಯ ನಡುವೆ ಊರಿಗೆ ಹೊರಡುವ ದಿನ ಬಂದರೆ ಉಳಿದ ಡೋಸುಗಳನ್ನು ಅಲ್ಲಿ ಹಾಕಿಸಬಹುದು. ಕೊಟ್ಟ ಲಸಿಕೆಯ ಹೆಸರು, ತಾರೀಖು ಬರೆಸಿಕೊಂಡು ಹೋಗಿ, ಒಂದು ದಿನವೂ ತಪ್ಪಿಸಬೇಡಿ.

• ಊರಿಗೆ ಹೋದ ಮೇಲೆ ನಾಯಿಯ ವಿಚಾರದಲ್ಲಿ ಇದೇ ಎಚ್ಚರ ಇರಲಿ. ಅಲ್ಲಿ ನಾಯಿಯೇ ಮುಖ್ಯ ಕಾರಣ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ.

ಸಾಕುಪ್ರಾಣಿ ಮತ್ತು ಮನೆಯ ಸಂದುಗಳು

• ಬೆಕ್ಕು ಬಾವಲಿಯನ್ನು ಬಾಯಲ್ಲಿ ಕಚ್ಚಿ ತಂದರೆ ಬರಿಗೈಯಲ್ಲಿ ಕಿತ್ತುಕೊಳ್ಳಬೇಡಿ. ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ. ನಾಯಿ ಬೆಕ್ಕಿನ ರೇಬೀಸ್ ಲಸಿಕೆ ಬಾಕಿ ಇಲ್ಲದಿದ್ದರೆ ಒಂದು ಬೂಸ್ಟರ್, ಕೆಲವು ವಾರ ಕಣ್ಣಿಟ್ಟು ನೋಡುವುದು, ಇಷ್ಟರಲ್ಲಿ ಮುಗಿಯುತ್ತದೆ. ಲಸಿಕೆಯೇ ಆಗಿಲ್ಲದಿದ್ದರೆ ತಿಂಗಳುಗಟ್ಟಲೆ ಬೇರೆ ಇಡಬೇಕಾಗಬಹುದು, ಕೊಲ್ಲಿಸಬೇಕಾದ ಸಂದರ್ಭವೂ ಬರಬಹುದು. ಮನೆಯೊಳಗೇ ಇರುವ ಬೆಕ್ಕಿಗೂ ಲಸಿಕೆ ಹಾಕಿಸಿ.

• ಬಾವಲಿ ಒಳಗೆ ಬರಲು ಅರ್ಧ ಇಂಚಿನ ಸಂದು ಸಾಕು. ಚಿಮಣಿಯ ಬಾಯಿ, ಅಟ್ಟದ ಗಾಳಿಕಿಂಡಿ, ಸೂರಿನ ಅಂಚು, ಹರಿದ ಜಾಲರಿ ಇವನ್ನು ನೋಡಿ. ಮುಸ್ಸಂಜೆಯಲ್ಲಿ ಹೊರಗೆ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಸೂರು ನೋಡುತ್ತಾ ಕೂತರೆ ಅವು ಎಲ್ಲಿಂದ ಹೊರಬೀಳುತ್ತವೆ ಎಂದು ಗೊತ್ತಾಗುತ್ತದೆ.

• ಜೂನ್, ಜುಲೈ ತಿಂಗಳಲ್ಲಿ ಸಂದು ಮುಚ್ಚಬೇಡಿ. ಆಗ ಅಟ್ಟದಲ್ಲಿ ಹಾರಲು ಬಾರದ ಮರಿಗಳಿರುತ್ತವೆ. ತಾಯಿ ಹೊರಗೆ, ಮರಿ ಒಳಗೆ ಆದರೆ ಮರಿಗಳು ಸಾಯುತ್ತವೆ, ಕೆಲವು ಮನೆಯೊಳಗೇ ಇಳಿಯುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಹೊರಗೆ ಹೋಗಬಹುದು ಒಳಗೆ ಬರಲಾಗದು ಎಂಬಂಥ ಬಲೆ ಕಟ್ಟಿಸಿ, ಎಲ್ಲ ಹೋದ ಮೇಲೆ ಮುಚ್ಚಿಸಿ.

• ಬಾವಲಿಯ ಮೇಲೆ ದ್ವೇಷ ಬೇಡ. ಒಂದೊಂದು ಬಾವಲಿ ರಾತ್ರಿಗೆ ನೂರಾರು ಹುಳು ತಿನ್ನುತ್ತದೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣಿಸಿಕೊಂಡ ಬಿಳಿಮೂಗಿನ ರೋಗದಿಂದ ಈ ದೇಶದ ಬಾವಲಿಗಳು ಲಕ್ಷಗಟ್ಟಲೆ ಸತ್ತಿವೆ. ಅವುಗಳ ಪಾಡಿಗೆ ಅವು ಮರದಲ್ಲಿರಲಿ, ನಮ್ಮ ಮಕ್ಕಳು ಮನೆಯೊಳಗೆ ನೆಮ್ಮದಿಯಾಗಿ ಮಲಗಲಿ.

• ಮಕ್ಕಳಿಗೆ ಇಷ್ಟು ಕಲಿಸಿ: ನೆಲದ ಮೇಲೆ ಬಿದ್ದ ಬಾವಲಿ, ಹಗಲಲ್ಲಿ ಕಾಣುವ ಬಾವಲಿ, ಹಾರಲಾರದ ಬಾವಲಿ ಕಾಯಿಲೆಯದ್ದಿರಬಹುದು. ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು. ಮುಟ್ಟಿದ್ದರೆ ಬೈಯುವುದಿಲ್ಲ ಎಂದೂ ಹೇಳಿ. ಬೈಗುಳಕ್ಕೆ ಹೆದರಿ ಮಗು ಬಾಯಿ ಮುಚ್ಚಿಕೊಂಡರೆ ನಮಗೆ ಗೊತ್ತಾಗುವುದೇ ಇಲ್ಲ.

ಕೊನೆಗೆ ಒಂದು ಮಾತು. ಇದನ್ನು ಓದಿದ ಮೇಲೆ ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ಕೌಂಟಿಯ ಹೆಲ್ತ್ ಡಿಪಾರ್ಟ್‌ಮೆಂಟ್, ಅನಿಮಲ್ ಕಂಟ್ರೋಲ್, ಪಶುವೈದ್ಯರು, ಮೂರೂ ಕಡೆಯ ಫೋನ್ ನಂಬರ್ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗ್ಯಾರೇಜಿನಲ್ಲಿ ಒಂದು ಡಬ್ಬ, ಒಂದು ರಟ್ಟು, ಒಂದು ಜೊತೆ ಚರ್ಮದ ಗ್ಲೌಸ್ ಒಟ್ಟಿಗೆ ಇಡಿ. ಬಾವಲಿ ಬರದೇ ಹೋದರೆ ಒಳ್ಳೆಯದೇ. ಬಂದರೆ, ಬಾಗಿಲು ತೆಗೆದು ಬಿಡುವ ಮೊದಲು ಆ ಕೋಣೆಯಲ್ಲಿ ಯಾರು ಮಲಗಿದ್ದರು ಎಂದು ಒಮ್ಮೆ ಕೇಳಿಕೊಳ್ಳಿ.